ಪದ ಪರಿಚಯ: ಹಗುರ ನ್ಯೂಕ್ಲಿಯಸ್‌ಗಳಲ್ಲಿ ಮೆಸಾನ್ ಉತ್ಪಾದನೆ

ವೇಗವಾಗಿ ಬಂದ ಪ್ರೋಟಾನ್ ಒಂದು ಪರಮಾಣುವಿನ ನ್ಯೂಕ್ಲಿಯಸ್‌ಗೆ, ಅಂದರೆ ಬೀಜಕ್ಕೆ, ಬಡಿದಾಗ, ಅಲ್ಲಿಯವರೆಗೆ ಎಲ್ಲೂ ಇರದಿದ್ದ ಕಣ ಹುಟ್ಟಬಹುದು. ನ್ಯೂಕ್ಲಿಯಸ್‌ನೊಳಗೆ ಅಡಗಿದ್ದದ್ದು ಸಿಡಿದು ಹೊರಬರುವುದಲ್ಲ ಇದು. ಬಡಿತದ ಚಲನಶಕ್ತಿಯೇ ಹೊಸ ಕಣದ ದ್ರವ್ಯರಾಶಿಯಾಗುತ್ತದೆ. ಹೀಗೆ ಹುಟ್ಟುವ ಕಣ ಒಂದು ಕ್ವಾರ್ಕ್ (ಪ್ರೋಟಾನ್, ನ್ಯೂಟ್ರಾನ್‌ಗಳ ಒಳಗಿನ ಮೂಲಕಣ) ಮತ್ತು ಒಂದು ಪ್ರತಿಕ್ವಾರ್ಕ್ ಸೇರಿ ಆದದ್ದಾದರೆ ಅದು ಮೆಸಾನ್. ಎಲ್ಲಕ್ಕಿಂತ ಹಗುರವಾದ ಮೆಸಾನ್ ಪಯಾನ್. ವಿದ್ಯುದಾವೇಶವಿಲ್ಲದ ಪಯಾನಿನ ದ್ರವ್ಯರಾಶಿ ಸುಮಾರು 135 ಮೆಗಾ ಎಲೆಕ್ಟ್ರಾನ್‌ವೋಲ್ಟ್ (ಮುಂದೆ ಎಂಇವಿ; ಶಕ್ತಿಯ ಮಾನವಾದ ಇದರಲ್ಲೇ ಕಣಗಳ ದ್ರವ್ಯರಾಶಿಯನ್ನೂ ಹೇಳುತ್ತಾರೆ), ಆವೇಶವುಳ್ಳದ್ದು ಸುಮಾರು 140. ಪ್ರೋಟಾನಿನದು 938. ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಈಟಾ ಮೆಸಾನಿನದು 548.

ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಬಲದ ವಾಹಕವಾಗಿ ಇಂಥ ಕಣವಿರಬೇಕೆಂದು 1935ರಲ್ಲಿ ಜಪಾನಿನ ಭೌತವಿಜ್ಞಾನಿ ಹಿದೆಕಿ ಯುಕಾವಾ ಊಹಿಸಿದರು. ಯುಕಾವಾ ಹೇಳಿದ್ದು ಇದೇ ಎಂದು ಆಗ ಭಾವಿಸಲಾಗಿದ್ದ, 'ಮೆಸೋಟ್ರಾನ್' ಎಂದು ಕರೆಯಲಾಗುತ್ತಿದ್ದ ಕಣಕ್ಕೆ ನಡುವಿನ 'ಟ್ರ' ಬೇಕಿಲ್ಲ, 'ಮೆಸಾನ್' ಸಾಕು ಎಂದು 1939ರಲ್ಲಿ ವಾದಿಸಿದವರಲ್ಲಿ ಹೋಮಿ ಭಾಭಾ ಒಬ್ಬರು. ಅದಾದ ಸ್ವಲ್ಪ ದಿನಗಳಲ್ಲೇ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಯುಕಾವಾ ಹೇಳಿದ ನಿಜವಾದ ಕಣ, ಪಯಾನ್, ಸಿಕ್ಕಿದ್ದು 1947ರಲ್ಲಿ, ಬ್ರಿಸ್ಟಲ್‌ನ ಸೆಸಿಲ್ ಪೊವೆಲ್ ಗುಂಪು ಬೆಟ್ಟಗಳ ಮೇಲೆ ಇರಿಸಿದ್ದ ಫೋಟೋಗ್ರಾಫಿಕ್ ಫಲಕಗಳಲ್ಲಿ.

ಈಗ 'ಹೊಸ್ತಿಲು ಶಕ್ತಿ' ಎಂಬ ಮಾತು, ಅಂದರೆ ಕಣ ಹುಟ್ಟಲು ಬೇಕಾದ ಕನಿಷ್ಠ ಶಕ್ತಿ. ಪಯಾನಿನ ದ್ರವ್ಯರಾಶಿ 135 ಎಂಇವಿ ಎಂದ ಮಾತ್ರಕ್ಕೆ 135 ಎಂಇವಿ ಶಕ್ತಿಯ ಪ್ರೋಟಾನ್ ಅದನ್ನು ಹುಟ್ಟಿಸಲಾರದು. ನಿಂತಿರುವ ಪ್ರೋಟಾನಿಗೆ ಚಲಿಸುವ ಪ್ರೋಟಾನ್ ಬಡಿದರೆ, ಬಡಿತದ ನಂತರವೂ ಒಟ್ಟು ಸಂವೇಗ ಅಷ್ಟೇ ಇರಬೇಕು. ಆದ್ದರಿಂದ ಎಲ್ಲ ಕಣಗಳೂ ಮುಂದಕ್ಕೆ ಸಾಗಲೇಬೇಕು. ಆ ಸಾಗಾಟಕ್ಕೆ ಹೋದ ಶಕ್ತಿ ಸೃಷ್ಟಿಗೆ ಸಿಗುವುದಿಲ್ಲ. ಹಾಗಾಗಿ ಬೇಕಾಗುವ ಕನಿಷ್ಠ ಶಕ್ತಿ ಸುಮಾರು 280 ಎಂಇವಿ. ಅದೇ ಪ್ರೋಟಾನ್ ಡ್ಯೂಟೆರಾನಿಗೆ, ಅಂದರೆ ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಸೇರಿದ ಬೀಜಕ್ಕೆ, ಬಡಿದು ಮೂರೂ ಕಣಗಳು ಹೀಲಿಯಂ-3 ಆಗಿ ಕೂಡಿಕೊಂಡರೆ ಸುಮಾರು 199 ಎಂಇವಿ ಸಾಕು. ಈಟಾ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಬರಿಯ ಪ್ರೋಟಾನಿನ ಮೇಲೆ 1255, ಡ್ಯೂಟೆರಾನಿನ ಮೇಲೆ ಸುಮಾರು 892. ಗುರಿ ಭಾರವಾದಷ್ಟೂ ಸಾಗಾಟಕ್ಕೆ ತೆರುವ ಶಕ್ತಿ ಕಡಿಮೆ. ಜೊತೆಗೆ ಕಣಗಳು ಕೂಡಿಕೊಳ್ಳುವಾಗ ಬಂಧನಶಕ್ತಿಯೂ ಬಿಡುಗಡೆಯಾಗುತ್ತದೆ.

ಮನುಷ್ಯ ತಾನೇ ತಯಾರಿಸಿದ ಮೊದಲ ಪಯಾನ್‌ಗಳ ಕಥೆಯೂ ಇದೇ ಬಗೆಯದು. 1948ರಲ್ಲಿ ಅಮೆರಿಕದ ಬರ್ಕ್ಲಿಯ 184 ಇಂಚಿನ ಸಿಂಕ್ರೋಸೈಕ್ಲೋಟ್ರಾನ್ ಎಂಬ ಕಣ ವೇಗವರ್ಧಕದಲ್ಲಿ ಯೂಜೀನ್ ಗಾರ್ಡ್‌ನರ್ ಮತ್ತು ಸೀಸರ್ ಲಾಟೆಸ್ 380 ಎಂಇವಿ ಶಕ್ತಿಯ ಆಲ್ಫಾ ಕಣಗಳನ್ನು ಇಂಗಾಲದ ಮೇಲೆ ಹಾಯಿಸಿದರು. ಆಲ್ಫಾದಲ್ಲಿ ನಾಲ್ಕು ನ್ಯೂಕ್ಲಿಯಾನ್‌ಗಳು, ಅಂದರೆ ಎರಡು ಪ್ರೋಟಾನ್ ಮತ್ತು ಎರಡು ನ್ಯೂಟ್ರಾನ್. ಒಂದೊಂದರ ಪಾಲಿಗೆ ಬರುವುದು 95 ಎಂಇವಿ ಮಾತ್ರ. ಬಿಡಿ ಪ್ರೋಟಾನಿನ ಲೆಕ್ಕದಲ್ಲಿ ಇದು ಹೊಸ್ತಿಲಿನಿಂದ ಬಹಳ ಕೆಳಗೆ. ಆದರೂ ಪಯಾನ್‌ಗಳು ಬಂದವು. ಬೀಜದೊಳಗಿನ ನ್ಯೂಕ್ಲಿಯಾನ್‌ಗಳು ಸುಮ್ಮನೆ ಕುಳಿತಿರುವುದಿಲ್ಲ, ಸದಾ ಓಡಾಡುತ್ತಿರುತ್ತವೆ. ಎರಡೂ ಕಡೆಯ ಓಟಗಳು ಎದುರುಬದುರಾದಾಗ ಕೊರತೆ ತುಂಬಿಹೋಗುತ್ತದೆ.

ಹಾಗಾದರೆ ಸೀಸವನ್ನೋ ಚಿನ್ನವನ್ನೋ ಗುರಿಯಾಗಿಸಬಾರದೇಕೆ? ಹೊಸ್ತಿಲು ಇನ್ನೂ ತಗ್ಗುತ್ತದೆ, ನಿಜ. ಆದರೆ ಅಲ್ಲಿ ನಡೆದದ್ದೇನೆಂದು ತಿಳಿಯುವುದು ಕಷ್ಟ. ಹುಟ್ಟಿದ ಮೆಸಾನ್ ಇನ್ನೂರು ನ್ಯೂಕ್ಲಿಯಾನ್‌ಗಳ ನಡುವೆ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಚದುರಿರುತ್ತದೆ, ಇಲ್ಲವೇ ಹೀರಿಹೋಗಿರುತ್ತದೆ. ಡ್ಯೂಟೆರಾನ್, ಹೀಲಿಯಂ-3, ಹೀಲಿಯಂ-4 ಇವುಗಳಲ್ಲಿ ಭಾಗಿಗಳು ಎರಡು, ಮೂರು, ನಾಲ್ಕು. ಅವುಗಳ ಒಳರಚನೆಯನ್ನು ಸಮೀಕರಣಗಳಿಂದ ನಿಖರವಾಗಿ ಲೆಕ್ಕ ಹಾಕಬಹುದು. ಸ್ಪಿನ್ (ಕಣದ ಸ್ವಂತ ಕೋನೀಯ ಸಂವೇಗ) ಎಷ್ಟು, ಐಸೋಸ್ಪಿನ್ (ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಒಂದೇ ಕಣದ ಎರಡು ರೂಪಗಳೆಂದು ಎಣಿಸುವಾಗ ಬರುವ ಸಂಖ್ಯೆ) ಎಷ್ಟು ಎಂಬುದು ಖಚಿತವಾಗಿ ಗೊತ್ತು. ಪ್ರಯೋಗದ ಫಲಿತಾಂಶ ಸಿದ್ಧಾಂತಕ್ಕೆ ಹೊಂದದಿದ್ದರೆ 'ನ್ಯೂಕ್ಲಿಯಸ್ ಜಟಿಲ' ಎಂದು ಹೇಳಿ ಜಾರಿಕೊಳ್ಳಲು ಸಿದ್ಧಾಂತಿಗೆ ಅಲ್ಲಿ ಜಾಗ ಕಡಿಮೆ. ಮೈಸೂರು ವಿಶ್ವವಿದ್ಯಾಲಯದಲ್ಲಿದ್ದ ಜಿ. ರಾಮಚಂದ್ರನ್ ಅವರು ಹೊಸ್ತಿಲಿನ ಬಳಿ ಪಯಾನ್ ಹುಟ್ಟುವಾಗ ಸ್ಪಿನ್ ವಹಿಸುವ ಪಾತ್ರವನ್ನು ದೀರ್ಘಕಾಲ ಅಭ್ಯಸಿಸಿದ ಸಿದ್ಧಾಂತಿ. ಡ್ಯೂಟೆರಾನಿಗೆ ಇನ್ನೊಂದು ಉಪಯೋಗವೂ ಇದೆ. ಬಿಡಿ ನ್ಯೂಟ್ರಾನ್ ಸರಾಸರಿ ಕಾಲು ಗಂಟೆಯಲ್ಲಿ ಕ್ಷಯಿಸುವುದರಿಂದ ನ್ಯೂಟ್ರಾನಿನ ಗುರಿ ಮಾಡಿಡಲಾಗದು. ಸಡಿಲವಾಗಿ ಕಟ್ಟಿಕೊಂಡಿರುವ ಡ್ಯೂಟೆರಾನೇ ಅದಕ್ಕೆ ಬದಲಿ.

ಪ್ರಯೋಗದ ಕೈಚಳಕ ನನಗೆ ಸಿದ್ಧಾಂತಕ್ಕಿಂತ ರುಚಿಸುತ್ತದೆ. ಈಟಾದ ಆಯುಷ್ಯ ಸೆಕೆಂಡಿನ ಕೋಟಿ ಕೋಟಿ ಭಾಗಕ್ಕಿಂತಲೂ ಎಷ್ಟೋ ಕಿರಿದು. ಅದು ಸ್ವತಃ ಯಾವ ಡಿಟೆಕ್ಟರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಅನೇಕ ಪ್ರಯೋಗಗಳಲ್ಲಿ ಈಟಾವನ್ನು ನೋಡುವುದೇ ಇಲ್ಲ, ಅದರ ಜೊತೆ ಹೊರಟ ಹೀಲಿಯಂ-3ನ್ನು ಮಾತ್ರ ಹಿಡಿಯುತ್ತಾರೆ. ಎರಡು ಆವೇಶವುಳ್ಳ ಹೀಲಿಯಂ ಡಿಟೆಕ್ಟರಿನಲ್ಲಿ ಬಿಡುವ ಗುರುತು ಪ್ರೋಟಾನಿನದಕ್ಕಿಂತ ಗಾಢ, ಪತ್ತೆ ಸುಲಭ. ಆಯಸ್ಕಾಂತದಲ್ಲಿ ಅದರ ಹಾದಿ ಎಷ್ಟು ಬಾಗಿತು ಎಂಬುದರಿಂದ ಸಂವೇಗ ತಿಳಿಯುತ್ತದೆ. ಒಳಗೆ ಹೋದ ಒಟ್ಟು ಶಕ್ತಿ ಮತ್ತು ಸಂವೇಗದಿಂದ ಹೀಲಿಯಂನ ಪಾಲನ್ನು ಕಳೆದರೆ ಉಳಿದದ್ದು ಕಾಣದ ಕಣದ್ದು. ಆ ಶೇಷದಿಂದ ದ್ರವ್ಯರಾಶಿ ಲೆಕ್ಕ ಹಾಕಿ ನಕ್ಷೆ ಬರೆದರೆ 548ರ ಬಳಿ ಚೂಪಾದ ಶಿಖರ ಏಳುತ್ತದೆ. ಇದಕ್ಕೆ 'ಕಾಣೆಯಾದ ದ್ರವ್ಯರಾಶಿ'ಯ ವಿಧಾನ ಎನ್ನುತ್ತಾರೆ. ಹೊಸ್ತಿಲಿನ ಸ್ವಲ್ಪವೇ ಮೇಲೆ ಕೆಲಸ ಮಾಡಿದರೆ ಇನ್ನೊಂದು ಲಾಭ: ಮಿಕ್ಕ ಶಕ್ತಿ ಅತ್ಯಲ್ಪವಾದ್ದರಿಂದ ಹೀಲಿಯಂ ಕಣಗಳೆಲ್ಲ ಮುಂದಕ್ಕೆ ಕಿರಿದಾದ ಶಂಕುವಿನೊಳಗೇ ಹೋಗುತ್ತವೆ, ಒಂದೂ ತಪ್ಪಿಸಿಕೊಳ್ಳದಂತೆ ಬಾಚಿಕೊಳ್ಳಬಹುದು.

ಇದೇ ವಿಧಾನ 1960ರಲ್ಲಿ ಬರ್ಕ್ಲಿಯ ಅದೇ ಯಂತ್ರದಲ್ಲಿ ಒಂದು ಒಗಟನ್ನು ಕೊಟ್ಟಿತು. ಪ್ರೋಟಾನ್–ಡ್ಯೂಟೆರಾನ್ ಘರ್ಷಣೆಯಲ್ಲಿ ಹೀಲಿಯಂ-3 ಅಳೆಯುತ್ತಿದ್ದ ಅಬಾಶಿಯನ್, ಬೂತ್ ಮತ್ತು ಕ್ರೋ ಅವರಿಗೆ, ಎರಡು ಪಯಾನ್‌ಗಳ ದ್ರವ್ಯರಾಶಿಗಿಂತ ತುಸು ಮೇಲೆ ನಿರೀಕ್ಷೆಯಿಲ್ಲದ ಉಬ್ಬು ಕಂಡಿತು. ಮೂವರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳಿಂದ ಅದು 'ಎಬಿಸಿ ಪರಿಣಾಮ'ವಾಯಿತು. 2011ರಲ್ಲಿ ಜರ್ಮನಿಯ ಯೂಲಿಷ್‌ನಲ್ಲಿ ವಾಸಾ ಡಿಟೆಕ್ಟರ್ ಬಳಸಿದವರು ಇದನ್ನು ಸುಮಾರು 2370 ಎಂಇವಿಯ ಬಳಿಯ ಅಲ್ಪಾಯುಷಿ ಸ್ಥಿತಿಯೊಂದಕ್ಕೆ ಜೋಡಿಸಿದರು. ಅದು ಆರು ಕ್ವಾರ್ಕ್‌ಗಳ ಒಂದೇ ಗಂಟೋ, ಎರಡು ಡೆಲ್ಟಾ ಕಣಗಳ (ನ್ಯೂಕ್ಲಿಯಾನಿನ ಉದ್ರಿಕ್ತ ರೂಪಗಳ) ಜೋಡಿಯೋ ಎಂಬ ವಾದ ಮುಗಿದಿಲ್ಲ.

ನನಗೆ ಇಡೀ ಕ್ಷೇತ್ರದಲ್ಲಿ ಅತಿ ಸೊಗಸಾಗಿ ಕಾಣುವುದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಯೋಗ, ಫಲಿತಾಂಶ ಬಂದದ್ದು 2003ರಲ್ಲಿ. ಎರಡು ಡ್ಯೂಟೆರಾನ್‌ಗಳು ಕೂಡಿ ಹೀಲಿಯಂ-4 ಮತ್ತು ಒಂದು ತಟಸ್ಥ ಪಯಾನ್ ಕೊಡಬೇಕು. ಶಕ್ತಿ ಇದ್ದರೂ ಇದಕ್ಕೆ ನಿಷೇಧವಿದೆ. ಕ್ರಿಯೆಯ ಮೊದಲೂ ನಂತರವೂ ಒಟ್ಟು ಐಸೋಸ್ಪಿನ್ ಅಷ್ಟೇ ಇರಬೇಕು, ಆದರೆ ಡ್ಯೂಟೆರಾನಿನ ಐಸೋಸ್ಪಿನ್ ಸೊನ್ನೆ, ಹೀಲಿಯಂ-4ರದ್ದೂ ಸೊನ್ನೆ, ಪಯಾನಿನದು ಒಂದು. ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಕಟ್ಟುವ ಅಪ್ ಕ್ವಾರ್ಕ್ ಮತ್ತು ಡೌನ್ ಕ್ವಾರ್ಕ್ ಪರಸ್ಪರ ಅದಲುಬದಲಾದರೂ ಪ್ರಕೃತಿಗೆ ವ್ಯತ್ಯಾಸವೇ ತಿಳಿಯದು ಎಂದಾದರೆ ಈ ಕ್ರಿಯೆ ನಡೆಯಲೇಬಾರದು. ನಡೆಯಿತೆಂದರೆ ಎರಡರ ನಡುವೆ ಭೇದವಿದೆ ಎಂದರ್ಥ. ಡೌನ್ ತುಸು ಭಾರ, ಆವೇಶಗಳೂ ಬೇರೆ. ಸಂಶೋಧಕರು ಹೀಲಿಯಂ-4ನ್ನೂ ಪಯಾನ್ ಒಡೆದು ಬಂದ ಎರಡು ಫೋಟಾನ್‌ಗಳನ್ನೂ ಒಟ್ಟಿಗೇ ಹಿಡಿದರು. ಕಣದೂಲದ ಶಕ್ತಿ 228.5 ಮತ್ತು 231.8 ಎಂಇವಿ, ಹೊಸ್ತಿಲಿಗಿಂತ ಕೆಲವೇ ಎಂಇವಿ ಮೇಲೆ. ಸಿಕ್ಕ ಕ್ರಾಸ್ ಸೆಕ್ಷನ್, ಅಂದರೆ ಕ್ರಿಯೆ ನಡೆಯುವ ಸಂಭವದ ಅಳತೆ, ಕ್ರಮವಾಗಿ 12.7 ಮತ್ತು 15.1 ಪೀಕೋಬಾರ್ನ್. ಹೊಸ್ತಿಲಿನ ಬಳಿ ಡ್ಯೂಟೆರಾನ್–ಪ್ರೋಟಾನ್ ಘರ್ಷಣೆ ಈಟಾ ಕೊಡುವ ಸಂಭವ ಇದರ ಸುಮಾರು ಮೂವತ್ತು ಸಾವಿರ ಪಟ್ಟು. ನಿಷೇಧ ಎಷ್ಟು ಬಿಗಿಯಾಗಿದೆ, ಆದರೂ ಎಲ್ಲಿ ಸೋರುತ್ತದೆ ಎಂಬುದು ಒಂದೇ ಅಳತೆಯಲ್ಲಿ ಗೊತ್ತಾಯಿತು.

ಇನ್ನು ಈಟಾ. ನ್ಯೂಕ್ಲಿಯಾನ್ ಮತ್ತು ಈಟಾ ಪರಸ್ಪರ ಸೆಳೆಯುತ್ತವೆ ಎಂದು 1985ರಲ್ಲಿ ಭಾಲೇರಾವ್ ಮತ್ತು ಲಿಯು ಲೆಕ್ಕ ಹಾಕಿದರು. ಮರುವರ್ಷ ಹೈದರ್ ಮತ್ತು ಲಿಯು, ಹಾಗಿದ್ದರೆ ಇಂಗಾಲಕ್ಕಿಂತ ಕಡಿಮೆಯಿಲ್ಲದ ಬೀಜಗಳಲ್ಲಿ ಈಟಾ ಸಿಕ್ಕಿಕೊಂಡು ಕ್ಷಣಕಾಲ ಬಂಧಿತ ಸ್ಥಿತಿಯಲ್ಲಿರಬಹುದು ಎಂದರು. ಇದೇ 'ಈಟಾ-ಮೆಸಿಕ್ ನ್ಯೂಕ್ಲಿಯಸ್'. ವಿದ್ಯುತ್ ಸೆಳೆತದ ನೆರವಿಲ್ಲದೆ, ನ್ಯೂಕ್ಲಿಯಸ್ಸನ್ನು ಹಿಡಿದಿಡುವ ಪ್ರಬಲ ಬಲವೊಂದರಿಂದಲೇ ಬೀಜಕ್ಕೆ ಅಂಟಿದ ಮೆಸಾನ್.

ಹೀಲಿಯಂನಷ್ಟು ಹಗುರ ಬೀಜಕ್ಕೆ ಇದು ಅನ್ವಯಿಸಬಹುದೆಂಬ ಆಸೆ ಹುಟ್ಟಿದ್ದು ಪ್ರಯೋಗದಿಂದ. ಫ್ರಾನ್ಸಿನ ಸ್ಯಾಟರ್ನ್ ವೇಗವರ್ಧಕದಲ್ಲಿ ಹೀಲಿಯಂ-3 ಜೊತೆಗೆ ಈಟಾ ಹುಟ್ಟುವ ಪ್ರಮಾಣ ಹೊಸ್ತಿಲಿನ ಬಳಿ ವಿಪರೀತ ಹೆಚ್ಚಿತ್ತು. 2007ರಲ್ಲಿ ಯೂಲಿಷ್‌ನ 184 ಮೀಟರ್ ಸುತ್ತಳತೆಯ ಕೋಸಿ ವೇಗವರ್ಧಕ ಉಂಗುರದಲ್ಲಿ ಎರಡು ಗುಂಪುಗಳು, ಡ್ಯೂಟೆರಾನ್‌ಗಳ ಶಕ್ತಿಯನ್ನು ನಿಧಾನವಾಗಿ ಏರಿಸುತ್ತ, ಜಲಜನಕದ, ಅಂದರೆ ಪ್ರೋಟಾನಿನ, ಗುರಿಯ ಮೇಲೆ ಇದನ್ನು ಮತ್ತೆ ಅಳೆದು ಪ್ರಕಟಿಸಿದವು. ಸಾಮಾನ್ಯವಾಗಿ ಹೊಸ್ತಿಲು ದಾಟಿದ ಮೇಲೆ ಸಂಭವ ಮೆಲ್ಲಗೆ ಏರಬೇಕು. ಇಲ್ಲಿ ಒಂದು ಎಂಇವಿ ಒಳಗೇ ಸುಮಾರು 400 ನ್ಯಾನೋಬಾರ್ನ್‌ಗೆ (ಒಂದು ನ್ಯಾನೋಬಾರ್ನ್ ಅಂದರೆ ಸಾವಿರ ಪೀಕೋಬಾರ್ನ್) ಜಿಗಿದು ಸಮತಟ್ಟಾಯಿತು. ಹೊಸ್ತಿಲಿಗೆ ಅರ್ಧ ಎಂಇವಿಗಿಂತ ಹತ್ತಿರದಲ್ಲಿ ಏನೋ ಒಂದು ಸ್ಥಿತಿ ಇದೆ ಎಂದು ಇದರಿಂದ ಊಹಿಸಬಹುದು. ಅದು ಹೊಸ್ತಿಲಿನ ಕೆಳಗಿನ ನಿಜವಾದ ಬಂಧನವೋ, ಬಂಧನವಾಗಲು ಕೂದಲೆಳೆಯಲ್ಲಿ ಸೋತದ್ದೋ ಎಂಬುದನ್ನು ಈ ಏರಿಕೆಯಷ್ಟೇ ಹೇಳಲಾರದು. ಎರಡೂ ಮೇಲಿನಿಂದ ಒಂದೇ ಥರ ಕಾಣುತ್ತವೆ.

ಆದ್ದರಿಂದ ಹೊಸ್ತಿಲಿನ ಕೆಳಗೇ ಹುಡುಕಬೇಕಾಯಿತು. ಜರ್ಮನಿಯ ಮೈಂಜ್‌ನಲ್ಲಿ ಹೀಲಿಯಂ-3ರ ಮೇಲೆ ಫೋಟಾನ್‌ಗಳನ್ನು ಹಾಯಿಸಿದವರು 2004ರಲ್ಲಿ ಸುಳಿವು ಸಿಕ್ಕಿತೆಂದರು. ಹೆಚ್ಚು ದತ್ತಾಂಶದೊಂದಿಗೆ ಅದೇ ಪ್ರಯೋಗಾಲಯದಲ್ಲಿ ಮತ್ತೆ ಅಳೆದು 2012ರಲ್ಲಿ ಪ್ರಕಟಿಸಿದಾಗ, ಹೊಸ್ತಿಲಿನ ಕಡಿದಾದ ಏರಿಕೆ ಹಾಗೆಯೇ ಉಳಿಯಿತು, ಸುಳಿವೆಂದುಕೊಂಡಿದ್ದ ಶಿಖರ ಮಾತ್ರ ಹಿನ್ನೆಲೆಯ ಸಾಮಾನ್ಯ ಕ್ರಿಯೆಗಳ ನೆರಳೆಂದು ಗೊತ್ತಾಯಿತು. ವಾಸಾ ಗುಂಪು ಎರಡು ಡ್ಯೂಟೆರಾನ್‌ಗಳ ಘರ್ಷಣೆಯಲ್ಲಿ ಹೀಲಿಯಂ-4ಕ್ಕೆ ಅಂಟಿದ ಈಟಾವನ್ನು ಹುಡುಕಿತು. ಅದೂ ಸಿಗಲಿಲ್ಲ, ಇದ್ದರೆ ಅದರ ಸಂಭವ ಕೆಲವು ನ್ಯಾನೋಬಾರ್ನ್‌ಗಿಂತ ಹೆಚ್ಚಿರಲಾರದು ಎಂಬ ಮಿತಿಯಷ್ಟೇ ಕೈಗೆ ಬಂತು.