ಕ್ಯಾನ್‌ಬೆರಾ: ನಕಾಶೆಯಿಂದ ನೀರಿಗೆ ಅರ್ಧ ಶತಮಾನ

ಕ್ಯಾನ್‌ಬೆರಾ ನಗರದ ನಡುವಿನ ಸರೋವರಕ್ಕೆ ಆ ನಗರದ ನಕಾಶೆ ಬರೆದ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ಹೆಸರಿದೆ. ಆದರೆ ಅದು ತುಂಬುವ ಹೊತ್ತಿಗೆ ಅವರು ನಮ್ಮ ಲಖನೌದ ಮಣ್ಣು ಸೇರಿ ಇಪ್ಪತ್ತೇಳು ವರ್ಷಗಳಾಗಿದ್ದವು.

1901ರಲ್ಲಿ ಆಸ್ಟ್ರೇಲಿಯದ ಆರು ವಸಾಹತುಗಳು ಒಂದಾದಾಗ ಸಿಡ್ನಿ, ಮೆಲ್ಬರ್ನ್ ಎರಡಕ್ಕೂ ರಾಜಧಾನಿಯ ಪಟ್ಟ ಬೇಕಿತ್ತು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಲಿ, ಆದರೆ ಸಿಡ್ನಿಯಿಂದ ನೂರು ಮೈಲಿಯಾದರೂ ದೂರವಿರಲಿ, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನ್‌ನಲ್ಲಿ ಸೇರಲಿ ಎಂಬ ರಾಜಿಯನ್ನು ಸಂವಿಧಾನದಲ್ಲೇ ಬರೆದುಬಿಟ್ಟರು. ಮೊದಲು ಡಾಲ್‌ಗೆಟಿ ಎಂದಾಗಿ, ನ್ಯೂ ಸೌತ್ ವೇಲ್ಸ್ ಒಪ್ಪದೆ, 1908ರಲ್ಲಿ ಯಾಸ್-ಕ್ಯಾನ್‌ಬೆರಾ ಸೀಮೆ ಗಟ್ಟಿಯಾಯಿತು. ಅದು ಕುರಿ ಮೇಯುವ ಬಯಲು; ಅದಕ್ಕೂ ಮೊದಲು ಮೂಲನಿವಾಸಿ ನುನ್ನವಾಲ್ ಜನರ ನೆಲ.

ರಾಜಧಾನಿಯ ವಿನ್ಯಾಸಕ್ಕಾಗಿ ನಡೆದ 1912ರ ಅಂತರರಾಷ್ಟ್ರೀಯ ಸ್ಪರ್ಧೆಗೆ 137 ನಕಾಶೆಗಳು ಬಂದವು. ಗೆದ್ದ ಗ್ರಿಫಿನ್ ಷಿಕಾಗೋದವರು. ಜಾಗವನ್ನು ಕಂಡವರಲ್ಲ, ಸರ್ವೇಯರ್ ಚಾರ್ಲ್ಸ್ ಸ್ಕ್ರಿವ್ನರ್ ಸಿದ್ಧಪಡಿಸಿದ ಭೂನಕ್ಷೆಯನ್ನು ನೋಡಿಯೇ ಬೆಟ್ಟದಿಂದ ಬೆಟ್ಟಕ್ಕೆ ಗೆರೆ ಎಳೆದು, ಮೊಲೊಂಗ್ಲೋ ಹೊಳೆಗೆ ಕಟ್ಟೆ ಹಾಕಿ ಆ ಗೆರೆಗೆ ಅಡ್ಡಲಾಗಿ ಕಾಗದದ ಮೇಲೆಯೇ ನೀರು ನಿಲ್ಲಿಸಿದ್ದರು. ಅದಕ್ಕೆಲ್ಲ ಕಣ್ಣು ಕೊಟ್ಟವರು ಪತ್ನಿ ಮೇರಿಯನ್ ಮಹೋನಿ. ಏನ್ಸ್ಲಿ ಬೆಟ್ಟದ ತುದಿಯಿಂದ ಕಂಡಂತೆ ಆಕೆ ಬರೆದ ಚಿತ್ರದಲ್ಲಿ ಇನ್ನೂ ಹುಟ್ಟದ ನಗರ ಮಂದ ಕಂದು, ಹೊಂಬಣ್ಣಗಳಲ್ಲಿ ಹರಡಿಕೊಂಡಿದೆ.

ಬಹುಮಾನವೇನೋ ಬಂತು. ಆದರೆ ಖರ್ಚಿನ ನೆಪದಲ್ಲಿ ಇಲಾಖೆಯ ಮಂಡಳಿಯೊಂದು ನಾಲ್ಕಾರು ನಕಾಶೆಗಳಿಂದ ಅಷ್ಟಿಷ್ಟು ಹೆಕ್ಕಿ ತನ್ನದೇ ಯೋಜನೆ ಹೊಲಿಯಿತು. 1913ರ ಮಾರ್ಚ್ 12ರಂದು ನಗರಕ್ಕೆ ಹೆಸರಿಟ್ಟಾಗ ಚಾಲ್ತಿಯಲ್ಲಿದ್ದದ್ದು ಆ ಹೊಲಿಗೆಯೇ. ಸರ್ಕಾರ ಬದಲಾಗಿ, ಮಂಡಳಿ ವಿಸರ್ಜನೆಗೊಂಡು, ಗ್ರಿಫಿನ್ ಅದೇ ವರ್ಷ ನಗರ ನಿರ್ಮಾಣದ ನಿರ್ದೇಶಕರಾದರು. ಕುರ್ಚಿ ಸಿಕ್ಕಿತು, ಕಡತ ಸಿಗಲಿಲ್ಲ. ಅವರಿಗೆ ಅಗತ್ಯ ಮಾಹಿತಿಯನ್ನು ಕೊಡದೆ ತಡೆಹಿಡಿಯಲಾಗಿತ್ತೆಂದು 1917ರಲ್ಲಿ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ, ರಾಯಲ್ ಕಮಿಷನ್ನೇ ಹೇಳಿತು. ಅಷ್ಟರಲ್ಲಿ ಯುದ್ಧ ಹಣವನ್ನೆಲ್ಲ ನುಂಗಿತ್ತು. 1920ರ ಕೊನೆಗೆ ಅವರು ಹೊರಬಂದಾಗ ನೆಲದ ಮೇಲಿದ್ದದ್ದು ಹೆಚ್ಚೆಂದರೆ ರಸ್ತೆಗಳ ಗೆರೆ.

1927ರಲ್ಲಿ ತಾತ್ಕಾಲಿಕ ಭವನದಲ್ಲಿ ಸಂಸತ್ತು ಸೇರಿತು. ಆ ‘ತಾತ್ಕಾಲಿಕ’ 1988ರವರೆಗೆ ಎಳೆಯಿತು. ಆರ್ಥಿಕ ಕುಸಿತ, ಇನ್ನೊಂದು ಯುದ್ಧ ಕಳೆದು, 1958ರಲ್ಲಿ ಹೊಸ ಅಭಿವೃದ್ಧಿ ಆಯೋಗ ಕೆಲಸಕ್ಕಿಳಿದ ಮೇಲೆಯೇ ಸರೋವರದ ಮಾತು ಮುಂದುವರಿದದ್ದು. 1963ರಲ್ಲಿ ಕಟ್ಟೆಯ ಬಾಗಿಲು ಮುಚ್ಚಿದರೆ ಬರಗಾಲ. ನೀರು ಅಂಚು ಮುಟ್ಟಿದ್ದು ಮರುವರ್ಷ. ಕಟ್ಟೆಗೆ ಸ್ಕ್ರಿವ್ನರ್ ಹೆಸರು, ನೀರಿಗೆ ಗ್ರಿಫಿನ್ ಹೆಸರು. ಏನ್ಸ್ಲಿ ಬೆಟ್ಟದ ವೀಕ್ಷಣಾ ತಾಣಕ್ಕೆ ಮೇರಿಯನ್ ಹೆಸರು ಬಂದದ್ದು 2013ರಲ್ಲಿ.