ಬಳ್ಳಿ ಕೊಯ್ದರ ಗೆಣಸು ದಪ್ಪ ಆಗ್ತಾವೇನು?

ಪ್ರಶ್ನೆ: ಸಂಕ್ರಾಂತಿ ಆದಮ್ಯಾಲೆ ಹಿತ್ತಲದಾಗ ಗೆಣಸಿನ ಬಳ್ಳಿ ಹಚ್ಚೇವ್ರಿ. ಭಾಳ ಹಬ್ಬೇದ. ಕೀಳೂದಕ್ಕ ಹದಿನೈದು ದಿವಸ ಮೊದಲ ಬಳ್ಳಿ ಕೊಯ್ದುಬಿಟ್ರ ಗಡ್ಡಿ ದಪ್ಪ ಆಗ್ತಾವ ಅಂತಾರ. ಖರೇನ್ರಿ? ಕೀಳೂದು ಯಾವಾಗ?

ಉತ್ತರ: ಕೊಯ್ಯಬೇಡಿ. ಮೇ ತಿಂಗಳು ಬಂತೆಂದರೆ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಬಿಡಿಸಿ ಬರೆಯುತ್ತೇನೆ.

"ಬಳ್ಳಿ ಕೊಯ್ದರೆ ಶಕ್ತಿಯೆಲ್ಲ ಗಡ್ಡೆಗೆ ಇಳಿಯುತ್ತದೆ" ಅನ್ನುತ್ತಾರೆ. ಇಳಿಯುವುದು ಖರೆ, ಆದರೆ ಎಲ್ಲಿಂದ? ಎಲೆಯಿಂದ. ಬಿಸಿಲಿನಲ್ಲಿ ಎಲೆ ಸಕ್ಕರೆ ತಯಾರಿಸುತ್ತದೆ, ಅದು ಬಳ್ಳಿಗುಂಟ ಬೇರಿಗೆ ಬಂದು ಪಿಷ್ಟವಾಗಿ ಕೂಡುತ್ತದೆ. ಎಲೆ ಕೊಯ್ದ ದಿನವೇ ಗಡ್ಡೆಯ ಊಟ ನಿಂತಿತು. ಮೇಲಾಗಿ ಬುಡ ಮತ್ತೆ ಚಿಗುರುತ್ತದೆ. ಆ ಚಿಗುರು ಉಣ್ಣುವುದು ಗಡ್ಡೆಯಲ್ಲಿ ಕೂಡಿಟ್ಟದ್ದನ್ನೇ. ನಾನೇ ಒಂದು ವರ್ಷ ಎರಡು ಸಾಲಿನಲ್ಲಿ ಒಂದರ ಬಳ್ಳಿ ಕೊಯ್ದು ನೋಡಿದ್ದೇನೆ. ಆ ಸಾಲಿನಲ್ಲಿ ಸಿಕ್ಕದ್ದು ಹೆಬ್ಬೆರಳಿನ ಗಾತ್ರದವು.

"ನಮ್ಮಜ್ಜ ಹಂಗ ಮಾಡತಿದ್ರು" ಎನ್ನುವವರಿಗೂ ಒಂದು ಮಾತು. ನಮ್ಮಜ್ಜನೂ ಬಳ್ಳಿಗೆ ಕೈ ಹಾಕುತ್ತಿದ್ದ, ಆದರೆ ಕೊಯ್ಯುತ್ತಿರಲಿಲ್ಲ. ಎತ್ತಿ ಮಗ್ಗಲು ಹೊರಳಿಸುತ್ತಿದ್ದ. ನೆಲಕ್ಕೆ ತಾಗಿದ ಗೆಣ್ಣಿನಲ್ಲೆಲ್ಲ ಬಳ್ಳಿ ಬೇರು ಬಿಡುತ್ತದೆ, ಅಲ್ಲೂ ಸಣ್ಣ ಗಡ್ಡೆ ಕಟ್ಟಲು ನೋಡುತ್ತದೆ. ಹೊರಳಿಸಿದರೆ ಆ ಬೇರು ಕಿತ್ತು, ಊಟ ಬುಡಕ್ಕೇ ಸೇರುತ್ತದೆ. ಕುಡಗೋಲು ಹಚ್ಚುತ್ತಿದ್ದದ್ದು ಕೀಳುವ ದಿನ, ಅಗೆಯಲು ತೊಡಕಾಗದಿರಲಿ, ದನಕ್ಕೆ ಮೇವಾಗಲಿ ಎಂದು. ನೋಡಿದವರ ನೆನಪಿನಲ್ಲಿ ಎರಡೂ ಕಲೆತುಹೋಗಿವೆ.

ಇನ್ನು ಕೀಳುವುದು. ಬಳ್ಳಿ ಹಚ್ಚಿ 110–120 ದಿನವಾಗಿ, ಎಲೆ ಹಳದಿಗೆ ತಿರುಗಿದಾಗ ಒಂದು ಗಡ್ಡೆ ತೆಗೆದು ಅಡ್ಡ ಕತ್ತರಿಸಿ. ಅಂಚಿನಲ್ಲಿ ಹಾಲು ಹನಿಯುತ್ತದೆ. ಅದು ಬೆಳ್ಳಗೇ ಒಣಗಿದರೆ ಬಲಿತಿದೆ. ಕಪ್ಪು ಹಸಿರಿಗೆ ತಿರುಗಿದರೆ ಇನ್ನೊಂದು ವಾರ ತಡೆಯಿರಿ.

ಧಾರವಾಡದ ಮಸಾರಿ, ಅಂದರೆ ಕೆಂಪು ಮಣ್ಣಿನ ಹಿತ್ತಲಿನವರಿಗೆ ಸ್ವಲ್ಪ ತಡವಾದರೂ ನಡೆದೀತು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ, ಅಂದರೆ ಕಪ್ಪು ಮಣ್ಣಿನವರು ತಡ ಮಾಡಲೇಬಾರದು. ಬೇಸಿಗೆಯಲ್ಲಿ ಎರಿ ಬಿರಿಯುತ್ತದೆ, ಆ ಬಿರುಕಿನಲ್ಲಿ ಸೊಂಡಿಲು ಹುಳು ಇಳಿದು ಗಡ್ಡೆಯಲ್ಲಿ ತತ್ತಿ ಇಡುತ್ತದೆ. ಅಂಥ ಗೆಣಸು ಕುದಿಸಿದರೂ ಕಹಿಯೇ. ಬಿರುಕು ಕಂಡ ಕೂಡಲೇ ಬುಡಕ್ಕೆ ಮಣ್ಣು ಏರಿಸಿ ಮುಚ್ಚಿ. ಅಗೆಯುವ ಎರಡು ದಿನ ಮೊದಲು ಹಗುರಾಗಿ ನೀರು ಬಿಡಿ, ಬುಡದಿಂದ ಒಂದು ಗೇಣು ದೂರ ಸಲಿಕೆ ಹಾಕಿ. ಸಿಪ್ಪೆ ಬಲು ತೆಳು, ಗಾಯವಾದದ್ದು ಮೊದಲು ಕೊಳೆಯುತ್ತದೆ. ತೊಳೆಯದೆ ವಾರದ ಮಟ್ಟಿಗೆ ನೆರಳಿನಲ್ಲಿ ಹರವಿ. ಸಣ್ಣ ಗಾಯ ಮಾಯುತ್ತವೆ, ಸಿಹಿಯೂ ಏರುತ್ತದೆ. ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಥಂಡಿಗೆ ನಡುಭಾಗ ಗಟ್ಟಿಯಾಗಿ ಬೇಯುವುದೇ ಇಲ್ಲ.

ಅಗೆದ ನೆಲಕ್ಕೆ ಮತ್ತೊಮ್ಮೆ ಕೈಯಾಡಿಸಿ. ಶೇಂಗಾ ಹೊಲದಲ್ಲಿ ಹಕ್ಕಲ ಆರಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಎಷ್ಟು ಆರಿಸಿದರೂ ನಾಲ್ಕು ಉಳಿದೇ ಉಳಿಯುತ್ತವೆ, ಉಳಿಯಲಿ. ರೋಹಿಣಿ ಮಳೆ ಬಿದ್ದರೆ ಅವೇ ಚಿಗುರುತ್ತವೆ. ಚಿಗುರು ಗೇಣುದ್ದ ಆದಾಗ ಮೂರ್ನಾಲ್ಕು ಗೆಣ್ಣು ಇರುವಂತೆ ಕೊಯ್ದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಹೊಸ ಸಾಲಿಗೆ ಹಚ್ಚಿ. ಹುಳು ಬಿದ್ದ ಬುಡದ ಚಿಗುರನ್ನು ಮಾತ್ರ ಮುಟ್ಟಬೇಡಿ.