ಬ್ರಸೆಲ್ಸ್ ಪುರಭವನದ ಗೋಪುರ ಯಾಕೆ ನಟ್ಟನಡುವೆ ಇಲ್ಲ?

ಪ್ರಶ್ನೆ: ಮಗಳನ್ನು ನೋಡಲು ಹೊರಟಿದ್ದೇವೆ, ದಾರಿಯಲ್ಲಿ ಎರಡು ದಿನ ಬ್ರಸೆಲ್ಸ್‌ನಲ್ಲಿ ಇರುತ್ತೇವೆ. ಅಲ್ಲಿನ ಪುರಭವನದ ಫೋಟೊ ನೋಡಿದಾಗಲೆಲ್ಲ ಗೋಪುರ ಒಂದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಈ ತಪ್ಪು ತಿಳಿದು ಕಟ್ಟಿದವನು ಅದರ ಮೇಲಿಂದಲೇ ಹಾರಿಕೊಂಡನಂತೆ. ನಿಜವೇ?

ಉತ್ತರ: ಗೋಪುರ ಸರಿದಿರುವುದು ನಿಜ, ಹಾರಿಕೊಂಡದ್ದು ಕಟ್ಟುಕತೆ. ಗೋಪುರ ಕಟ್ಟಿದ ಯಾನ್ ವಾನ್ ರೌಸ್‌ಬ್ರೂಕ್ ಆಮೇಲೂ ಎಷ್ಟೋ ವರ್ಷ ಬದುಕಿದ್ದ. ಅದಿರಲಿ, ಅವನು ಕೆಲಸಕ್ಕೆ ಕೈ ಹಾಕುವ ಹೊತ್ತಿಗೇ ಗೋಪುರ ನಡುವೆ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ನಡೆದದ್ದು ಇಷ್ಟು. ಗ್ರ್ಯಾಂಡ್ ಪ್ಲಾಸ್ ಎಂಬ ಆ ದೊಡ್ಡ ಚೌಕದಲ್ಲಿ ಪುರಭವನಕ್ಕೆ ಮುಖಮಾಡಿ ನಿಲ್ಲಿ. ನಿಮ್ಮ ಎಡಗಡೆಗೆ ಕಾಣುವ ಉದ್ದನೆಯ ಭಾಗವೇ ಹಳೆಯದು. 1402ರ ಸುಮಾರಿಗೆ ಶುರುವಾಗಿ 1420ರ ಹೊತ್ತಿಗೆ ಮುಗಿದ ಆ ಭಾಗವೇ ಆಗ ಪೂರ್ತಿ ಪುರಭವನ. ಅದರ ಬಲತುದಿಯಲ್ಲಿ ಒಂದು ಸಣ್ಣ ಗಂಟೆಗೋಪುರವಿತ್ತು. ಮೂಲೆಯ ಗೋಪುರ ಮೂಲೆಯಲ್ಲೇ ಇತ್ತು, ಯಾರಿಗೂ ತಕರಾರಿರಲಿಲ್ಲ.

ಮುಂದೆ ಊರು ಬೆಳೆಯಿತು, ಆಡಳಿತದಲ್ಲಿ ಪಾಲು ಪಡೆದ ಕಸುಬುದಾರರ ಸಂಘಗಳಿಗೂ ಜಾಗ ಬೇಕಾಯಿತು. 1444ರಲ್ಲಿ ಗೋಪುರದ ಬಲಕ್ಕೆ ಇನ್ನೊಂದು ಭಾಗಕ್ಕೆ ಶಂಕುಸ್ಥಾಪನೆಯಾಯಿತು. ಕಲ್ಲಿಟ್ಟವನು ಹತ್ತು ವರ್ಷದ ಹುಡುಗ, ಮುಂದೆ ಈ ಊರನ್ನೂ ಆಳಿದ ಬರ್ಗಂಡಿಯ ಡ್ಯೂಕ್ ಆಗಿ ‘ಧೀರ ಚಾರ್ಲ್ಸ್’ ಎನಿಸಿಕೊಂಡವನು. ಎಡಕ್ಕಿರುವಷ್ಟೇ ಉದ್ದ ಬಲಕ್ಕೂ ಕಟ್ಟಬಹುದಿತ್ತಲ್ಲ ಎಂದರೆ, ಅಲ್ಲೊಂದು ಬೀದಿ ಅಡ್ಡ ಬರುತ್ತದೆ. ಆ ಬೀದಿ ಈಗಲೂ ಇದೆ, ನೀವು ಬಲಮೂಲೆಯಲ್ಲಿ ನಿಂತು ನೋಡಬಹುದು. ಹಾಗಾಗಿ ಬಲಭಾಗದ ಉದ್ದ ಕಡಿಮೆಯಾಯಿತು. ಕೊನೆಗೆ 1449ರಿಂದ 1455ರವರೆಗೆ ರೌಸ್‌ಬ್ರೂಕ್ ಹಳೆಯ ಗೋಪುರದ ಜಾಗದಲ್ಲೇ 96 ಮೀಟರ್ ಎತ್ತರದ ಈಗಿನ ಗೋಪುರ ಎಬ್ಬಿಸಿದ. ಅಪ್ಪ ಕಟ್ಟಿಸಿದ ಮನೆಗೆ ಮಗ ಪಕ್ಕದಲ್ಲಿ ಸಿಕ್ಕಷ್ಟು ಜಾಗದಲ್ಲಿ ಎರಡು ಕೋಣೆ ಸೇರಿಸಿದರೆ ತಲೆಬಾಗಿಲು ನಡುವಿಗೆ ಬಂದೀತೇ?

ಬಾಗಿಲು ಅಂದೆನಲ್ಲ, ಅದನ್ನೂ ಗಮನಿಸಿ. ಗೋಪುರ ಕಟ್ಟಡದ ನಡುವೆ ಇಲ್ಲ, ಸರಿ. ಹೆಬ್ಬಾಗಿಲು ಗೋಪುರದ ನಡುವೆಯೂ ಇಲ್ಲ! ಒಮ್ಮೆ ಕಂಡುಹಿಡಿದರೆ ಆಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ. ನನಗಂತೂ ಆ ಕಟ್ಟಡ ಇಷ್ಟವಾಗುವುದೇ ಈ ಸೊಟ್ಟತನಕ್ಕೆ. ಅಳತೆಪಟ್ಟಿ ಹಿಡಿದು ಕಟ್ಟಿದ ಅರಮನೆಗಳು ಯುರೋಪಿನಲ್ಲಿ ಬೇಕಾದಷ್ಟಿವೆ.

ಅಲ್ಲಿಗೆ ಹೋದವರು ಹೆಚ್ಚಾಗಿ ತಲೆ ಮೇಲೆತ್ತಿ ತುದಿಯ ಚಿನ್ನದ ಬಣ್ಣದ ಸಂತ ಮೈಕೇಲನ ವಿಗ್ರಹದ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೀವು ಬಲಭಾಗದ ಕೆಳಗಿನ ಕಮಾನುಗಳ ಹತ್ತಿರ ಹೋಗಿ. ಅಲ್ಲೊಂದು ಕೆತ್ತನೆಯಲ್ಲಿ ಜನ ಸಲಿಕೆ ಹಿಡಿದು ಕುರ್ಚಿಗಳ ರಾಶಿಯನ್ನು ತೋಡುತ್ತಿದ್ದಾರೆ. ಏನು ಹುಚ್ಚು ಅನ್ನಿಸುತ್ತದೆ. ಈ ಭಾಗ ಕಟ್ಟಲು ಕೆಡವಿದ ಮನೆಗಳಲ್ಲಿ ಒಂದರ ಹೆಸರು ‘ಸ್ಕುಪ್‌ಸ್ಟೂಲ್’. ಅದು ಅಪರಾಧಿಗಳನ್ನು ಶಿಕ್ಷಿಸುವ ಒಂದು ಸಾಧನದ ಹೆಸರು. ಅಲ್ಲಿನ ಡಚ್ ಮಾತಿನಲ್ಲಿ ಅದನ್ನು ಒಡೆದರೆ ಸಲಿಕೆ ಮತ್ತು ಕುರ್ಚಿ. ಕಲ್ಲುಕುಟಿಗ ಪದವನ್ನು ಒಡೆದು ಹಾಗೇ ಕೆತ್ತಿಬಿಟ್ಟ. ಇನ್ನೊಂದು ಮನೆಯ ಹೆಸರಿಗೆ ‘ಪಾದ್ರಿಗಳ ನೆಲಮಾಳಿಗೆ’ ಎಂದರ್ಥ, ಅದಕ್ಕೆ ಪಾದ್ರಿಗಳು ಕುಡಿಯುತ್ತ ಕೂತ ಚಿತ್ರ. ಮನೆ ಹೋದರೂ ಹೆಸರು ಉಳಿದದ್ದು ಹೀಗೆ, ತಮಾಷೆಯಲ್ಲಿ.

ಮುಂಭಾಗದ ಸಾಲುಸಾಲು ವಿಗ್ರಹಗಳು ಮಾತ್ರ ಅಷ್ಟು ಹಳೆಯವಲ್ಲ, ಹತ್ತೊಂಬತ್ತನೇ ಶತಮಾನದ ಜೀರ್ಣೋದ್ಧಾರದವು. ಚೌಕದ ಸುತ್ತಲಿನ ಚಂದದ ಮನೆಗಳೂ ಪುರಭವನಕ್ಕಿಂತ ತುಂಬಾ ಕಿರಿಯವು. 1695ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಸೇನೆ ಮಾರ್ಷಲ್ ವಿಲ್ರುವಾನ ಕೈಕೆಳಗೆ ಊರ ಮೇಲೆ ಫಿರಂಗಿ ಹಾರಿಸಿತು. ಗುರಿ ಹಿಡಿಯಲು ಅವರಿಗೆ ಅನುಕೂಲವಾದದ್ದು ಇದೇ ಗೋಪುರ. ಚೌಕವೆಲ್ಲ ಬೂದಿಯಾಯಿತು, ಪುರಭವನದ ಒಳಗೂ ಬೆಂಕಿ ಬಿತ್ತು, ಆದರೆ ಗುರಿಯಾಗಿದ್ದ ಗೋಪುರ ಹಾಗೇ ನಿಂತಿತ್ತು. ಕಟ್ಟಡದ ಹಿಂಬದಿಯ ಭಾಗ ಈ ದಾಳಿಯ ನಂತರದ್ದು, ಹಾಗಾಗಿ ಅದು ಮುಂಭಾಗದಂತೆ ಗಾಥಿಕ್, ಅಂದರೆ ಚೂಪು ಕಮಾನುಗಳ ಮಧ್ಯಯುಗದ ಶೈಲಿಯದ್ದು, ಅಲ್ಲ.

ಇನ್ನು ಒಳಗೆ ಹೋಗುವ ವಿಚಾರ. ನಮ್ಮಲ್ಲಿ ಟೌನ್ ಹಾಲ್ ಅಂದರೆ ನಾಟಕಕ್ಕೋ ಸನ್ಮಾನಕ್ಕೋ ಬಾಡಿಗೆಗೆ ಕೊಡುವ ಸಭಾಂಗಣ. ಇದು ಹಾಗಲ್ಲ, ಊರಿನ ಆಡಳಿತಕ್ಕೆಂದೇ ಕಟ್ಟಿದ ಕಟ್ಟಡ. ಮದುವೆ ನೋಂದಣಿಯೂ ಇಲ್ಲೇ, ಬಿಳಿ ಗೌನಿನ ಮದುಮಗಳು ಅಂಗಳ ದಾಟಿ ಬರುವುದನ್ನು ನೀವೂ ನೋಡಬಹುದು. ಹೀಗಾಗಿ ಕೋಣೆಗಳನ್ನು ನೋಡಬೇಕಿದ್ದರೆ ದಿನ, ಸಮಯ ಮೊದಲೇ ವಿಚಾರಿಸಿ ಟಿಕೆಟ್ ಮಾಡಿಸಿಕೊಳ್ಳಿ. ಒಳಗಿನ ‘ಗಾಥಿಕ್ ಹಾಲ್’ ನೋಡಿ ಇದು 1400ರ ದಶಕದ್ದು ಎಂದು ಮೈಮರೆಯಬೇಡಿ, ಆ ಮರಗೆಲಸ ಹತ್ತೊಂಬತ್ತನೇ ಶತಮಾನದವರು ಹಳೆಯ ಶೈಲಿಯಲ್ಲಿ ಮಾಡಿದ್ದು. ಟಿಕೆಟ್ ಸಿಗದಿದ್ದರೆ ಕೊರಗಬೇಡಿ. ಒಳ ಅಂಗಳದಲ್ಲಿ ಸ್ಕೆಲ್ಟ್ ಮತ್ತು ಮ್ಯೂಸ್ ನದಿಗಳನ್ನು ಮನುಷ್ಯರೂಪದಲ್ಲಿ ಕೂರಿಸಿದ ಎರಡು ಕಾರಂಜಿಗಳಿವೆ, ಹೊರಗೆ ಕುರ್ಚಿ ತೋಡುವವರು ಪುಕ್ಕಟೆ ಸಿಗುತ್ತಾರೆ.

ಅರ್ಧ ದಿನ ಉಳಿದರೆ ಚೌಕದ ಎದುರು ಬದಿಯ ‘ರಾಜನ ಮನೆ’ಗೆ ಹೋಗಿ. ಹೆಸರು ಹಾಗಿದ್ದರೂ ಅದು ನಗರದ ಮ್ಯೂಸಿಯಂ. ಗೋಪುರದ ತುದಿಯಲ್ಲಿ ಐದು ಶತಮಾನ ಗಾಳಿ ಮಳೆ ತಿಂದ ಮೂಲ ಮೈಕೇಲನನ್ನು 1990ರ ದಶಕದಲ್ಲಿ ಇಳಿಸಿ ಅಲ್ಲಿಟ್ಟಿದ್ದಾರೆ, ಈಗ ಮೇಲಿರುವವನು ಪ್ರತಿರೂಪ. ಚೌಕದಿಂದ ಬೆರಳುದ್ದ ಕಾಣುವವನ ಎದುರಿಗೇ ಅಲ್ಲಿ ನಿಲ್ಲಬಹುದು.